ಹಿಟ್ಲರ್ ಪಾಠದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯಲ್ಲಿ ಈಗ ಜರ್ಮನಿಯ ಪಾಠ ನಡೆಯುತ್ತಿದೆ. ಅಷ್ಟು ಓದಿದ ಜನ ಹಿಟ್ಲರ್‌ನಂಥವನಿಗೆ ಯಾಕೆ ವೋಟು ಹಾಕಿದರು ಅಂತ ಮಕ್ಕಳು ಮನೆಯಲ್ಲೂ ಕೇಳುತ್ತಾರೆ. ದಯವಿಟ್ಟು "ಅವನು ರಾಕ್ಷಸ" ಎಂದಷ್ಟೇ ಹೇಳಿ ಮುಗಿಸಬೇಡಿ. "ನಮಗೂ ಒಬ್ಬ ಹಿಟ್ಲರ್ ಬೇಕು" ಎಂದು ಬೇಸರದಲ್ಲಿ ಮಾತಿಗೂ ಹೇಳಬೇಡಿ. ಮಕ್ಕಳು ಅದನ್ನು ನಿಜ ಅಂದುಕೊಳ್ಳುತ್ತಾರೆ.

ಮೊದಲ ಮಹಾಯುದ್ಧ ಸೋತ ಜರ್ಮನಿ 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಯುದ್ಧದ ಹೊಣೆ ಹೊರಬೇಕಾಯಿತು, ನೆಲ ಬಿಟ್ಟುಕೊಡಬೇಕಾಯಿತು. 1921ರಲ್ಲಿ ಪರಿಹಾರದ ಮೊತ್ತವೂ ಗೊತ್ತಾಯಿತು: 13,200 ಕೋಟಿ ಚಿನ್ನದ ಮಾರ್ಕ್ (ಮಾರ್ಕ್ ಎಂದರೆ ಜರ್ಮನಿಯ ಹಣ). ಮುಂದೆ ಕಾಗದದ ಮಾರ್ಕಿನ ಬೆಲೆ ಕುಸಿಯಿತು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಜೀವಮಾನವಿಡೀ ಕೂಡಿಟ್ಟ ಹಣ ಒಂದು ಬ್ರೆಡ್ಡಿಗೂ ಸಾಲಲಿಲ್ಲ.

ಇಷ್ಟಾದರೂ 1928ರ ಚುನಾವಣೆಯಲ್ಲಿ ಹಿಟ್ಲರನ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ವೋಟು ಮಾತ್ರ. ಈ ಅಂಕಿಯ ಮೇಲೆ ನಾವು ತರಗತಿಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇವೆ. ಸಿಟ್ಟು ಆಗಲೂ ಇತ್ತು, ಆದರೆ ಕೈಯಲ್ಲಿ ಕೆಲಸವೂ ಇತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಅಲ್ಲಿಂದ ಬರುತ್ತಿದ್ದ ಸಾಲ ನಿಂತಿತು, ಕಾರ್ಖಾನೆಗಳು ಮುಚ್ಚಿದವು. 1932ರ ಹೊತ್ತಿಗೆ ಸುಮಾರು 60 ಲಕ್ಷ ಜನರಿಗೆ ಕೆಲಸ ಇರಲಿಲ್ಲ. ಚಾನ್ಸಲರ್ (ಪ್ರಧಾನಿಯಂಥ ಹುದ್ದೆ) ಆಗಿದ್ದ ಬ್ರೂನಿಂಗ್ ಸರ್ಕಾರವಾದರೋ ಸಂಬಳ, ನಿರುದ್ಯೋಗ ಭತ್ಯೆ ಎರಡನ್ನೂ ಕತ್ತರಿಸಿತು. ಆ ವರ್ಷ ಜುಲೈನಲ್ಲಿ ನಾಜಿಗಳಿಗೆ ಶೇ. 37.3 ವೋಟು ಬಿತ್ತು.

ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಬಹಳಷ್ಟು ಜನ ಕಮ್ಯುನಿಸ್ಟರ ಕಡೆ ಹೋದರು. ಹಿಟ್ಲರ್ ಕಡೆ ಹೆಚ್ಚಾಗಿ ವಾಲಿದವರು ರೈತರು, ಸಣ್ಣ ಅಂಗಡಿಯವರು, ನೌಕರರು. ಇದ್ದದ್ದೂ ಹೋದೀತು ಎಂಬ ಭಯ ಅವರದು. ಆ ಭಯಕ್ಕೆ ಹಿಟ್ಲರ್ ಒಂದು ಗುರಿ ತೋರಿಸಿದ: ಯಹೂದಿಗಳು. ಅವರು ಜನಸಂಖ್ಯೆಯಲ್ಲಿ ಶೇ. 1ಕ್ಕಿಂತ ಕಡಿಮೆ. ಅವರಲ್ಲಿ ಸುಮಾರು 12,000 ಸೈನಿಕರು ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಸತ್ತಿದ್ದರು. ಅಂಥವರನ್ನೇ ದೇಶದ್ರೋಹಿಗಳು ಎಂದು ಕರೆದರು. ಇದನ್ನು ಪಾಠ ಮಾಡುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಮಾತು. ಮುಕ್ತ ಚುನಾವಣೆಯಲ್ಲಿ ಹಿಟ್ಲರ್‌ಗೆ ಬಹುಮತ ಯಾವತ್ತೂ ಸಿಗಲಿಲ್ಲ. 1932ರ ನವೆಂಬರ್‌ನಲ್ಲಿ ಅವನ ವೋಟು ಶೇ. 33ಕ್ಕೆ ಇಳಿದಿತ್ತು. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ಮಾಜಿ ಚಾನ್ಸಲರ್ ಪಾಪೆನ್‌ನಂಥ ನಾಯಕರು ನಂಬಿದರು. ಅಧ್ಯಕ್ಷ ಹಿಂಡೆನ್‌ಬರ್ಗ್ 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದರು. ಎರಡು ತಿಂಗಳೊಳಗೆ ಸಂಸತ್ತೇ ತನ್ನ ಅಧಿಕಾರವನ್ನು ಅವನ ಸರ್ಕಾರಕ್ಕೆ ಬರೆದುಕೊಟ್ಟಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ. ವಿರೋಧವಾಗಿ ವೋಟು ಹಾಕಿದ್ದು ಸೋಷಿಯಲ್ ಡೆಮಾಕ್ರಟ್ ಪಕ್ಷದ 94 ಜನ ಮಾತ್ರ. ಕಷ್ಟ ಬಂತು, ಅದಕ್ಕೇ ಸರ್ವಾಧಿಕಾರಿ ಬಂದ ಎಂದು ಮಕ್ಕಳು ಒಂದೇ ಸಾಲಿನಲ್ಲಿ ಉತ್ತರ ಬರೆದರೆ ನಾವು ಒಪ್ಪುವುದಿಲ್ಲ. ಬಾಗಿಲು ತೆರೆದವರ ಹೆಸರನ್ನೂ ಬರೆಯಬೇಕು.

ಈ ವಾರ ಮಕ್ಕಳು 1928ರಿಂದ 1932ರವರೆಗಿನ ವೋಟು ಮತ್ತು ನಿರುದ್ಯೋಗದ ಗ್ರಾಫ್ ಬರೆದು ತರಬೇಕು. ಜೊತೆಗೆ ಕೂತು ನೋಡಿ. ಅಜ್ಜ ಅಜ್ಜಿ ಇದ್ದರೆ, ಬೆಲೆ ಏರಿ ಕೆಲಸ ಸಿಗದ ಕಾಲದಲ್ಲಿ ಊರಿನವರು ಯಾರನ್ನು ಬೈಯುತ್ತಿದ್ದರು ಅಂತ ಮಕ್ಕಳು ಕೇಳಲಿ. ಶನಿವಾರದ ಚರ್ಚೆಗೆ ನೀವೂ ಬರಬಹುದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ