ಶಾಸಕರೇ, ಈ ಸಲ ಸೂರ್ಯ ಮುಳುಗುವಾಗಲೇ ಹಾಡು ಶುರುವಾಗಲಿ

ಮಾನ್ಯ ಶಾಸಕರೇ,

ನಮಸ್ಕಾರ. ಹೋದ ವರ್ಷ ನಮ್ಮೂರಿನ ಬೇಸಿಗೆ ಸಂಗೀತೋತ್ಸವದ ಎರಡನೇ ಸಂಜೆ, ವೇದಿಕೆಯ ಪರದೆ ಹಿಂದೆ ಎರಡು ತಂಬೂರಿ ಇಟ್ಟುಕೊಂಡು ಕೂತಿದ್ದವನು ನಾನು. ನಿಮಗೆ ನೆನಪಿರಲಿಕ್ಕಿಲ್ಲ. ನಿಮಗೆ ಹಾರ ಹಾಕಿದವರ ಸಾಲಿನಲ್ಲಿ ನಾನಿರಲಿಲ್ಲ. ತಂಬೂರಿ ಶ್ರುತಿ ಮಾಡೋದು, ಜಮಖಾನ ಹಾಸೋದು, ಎಲ್ಲ ಮುಗಿದ ಮೇಲೆ ಕುರ್ಚಿ ಎಣಿಸಿ ಟೆಂಪೋಗೆ ಹಾಕೋದು ನನ್ನ ಪಾಲಿನ ಕೆಲಸ. ಇದನ್ನೆಲ್ಲ ನಿಮ್ಮ ಮನೆಗೇ ಬಂದು ಹೇಳಬಹುದಿತ್ತು. ಆದರೆ ಇದರಲ್ಲಿ ಊರವರಿಗೆ ಹೇಳಬೇಕಾದ್ದೂ ಇದೆ, ನನಗೆ ನಾನೇ ಹೇಳಿಕೊಳ್ಳಬೇಕಾದ್ದೂ ಇದೆ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಆ ಸಂಜೆ ಹಾಡಲು ಬಂದಿದ್ದವರು ಧಾರವಾಡದ ಒಬ್ಬ ಹಿರಿಯ ಗಾಯಕಿ. ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಕರೆದರು. "ತಮ್ಮಾ, ಇಲ್ಲಿ ಹೊತ್ತು ಎಷ್ಟಕ್ಕ ಮುಳುಗತೈತಿ?" ಅಂತ ಕೇಳಿದರು. "6.50 ಆಗ್ತದೆ ಅಮ್ಮಾ" ಅಂದೆ. "ಹಂಗಾರ ಮಾರ್ವಾ ಹಾಡ್ತೇನಿ. ಸಮುದ್ರದ ಮುಂದ ಕುಂತು ಮಾರ್ವಾ ಹಾಡೂದು ಮತ್ತೆಲ್ಲಿ ಸಿಗತೈತಿ ಹೇಳು?" ಅಂದರು.

ಮಾರ್ವಾ ರಾಗದಲ್ಲಿ ಪಂಚಮವೇ, ಅಂದರೆ 'ಪ' ಸ್ವರವೇ, ಇಲ್ಲ. ಹಾಗಾಗಿ ತಂಬೂರಿಯ ಮೊದಲ ತಂತಿಯನ್ನು ಪಂಚಮಕ್ಕೆ ಸೇರಿಸುವ ಹಾಗಿಲ್ಲ, ನಿಷಾದಕ್ಕೆ, ಅಂದರೆ 'ನಿ' ಸ್ವರಕ್ಕೆ, ಇಳಿಸಬೇಕೋ ಏರಿಸಬೇಕೋ ನೋಡಿ ಕೂರಿಸಬೇಕು. ಕಡಲ ಪಕ್ಕದಲ್ಲಿ ಇದು ಸುಲಭದ ಕೆಲಸ ಅಲ್ಲ. ಉಪ್ಪು ಗಾಳಿ, ಬೆವರು, ಸೆಕೆ. ಬಿರಡೆ ತಿರುಗಿಸಿ, ಮಣಿ ಜರುಗಿಸಿ, ಕುದುರೆ ಮೇಲಿನ ದಾರವನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಜವಾರಿ, ಅಂದರೆ ತಂತಿಯ ಝೇಂಕಾರ, ಬಿಚ್ಚಿಕೊಳ್ಳುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ತಬಲಾದವರ ಪಾಡು ಇನ್ನೂ ಜಾಸ್ತಿ. ಗಾಳಿಯಲ್ಲಿ ತೇವ ಇದ್ದರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅವರು ಸುತ್ತಿಗೆ ತೆಗೆದು ಟಕ್ ಟಕ್ ಅನ್ನಿಸುತ್ತಿದ್ದರು.

6.30ಕ್ಕೆ ಎಲ್ಲ ತಯಾರು. ಮುಂದೆ ಜನ, ಅವರ ಮುಂದೆ ವೇದಿಕೆ, ವೇದಿಕೆಯ ಹಿಂದೆ ಕೆಂಪಾಗುತ್ತಿದ್ದ ಕಡಲು. ಆಮಂತ್ರಣ ಪತ್ರಿಕೆಯಲ್ಲಿ 6 ಗಂಟೆಗೆ ಉದ್ಘಾಟನೆ ಅಂತಿತ್ತು. ನಿರೂಪಕರು "ಆಗಮಿಸಿದ, ಆಗಮಿಸುತ್ತಿರುವ, ಇನ್ನೂ ಆಗಮಿಸಲಿರುವ ಎಲ್ಲರಿಗೂ ಸ್ವಾಗತ" ಅಂತ ಮೂರು ಸಲ ಹೇಳಿದರು. ನೀವು ಇನ್ನೂ ಆಗಮಿಸಲಿರುವವರ ಪಟ್ಟಿಯಲ್ಲೇ ಇದ್ದಿರಿ.

6.50ಕ್ಕೆ ಸೂರ್ಯ ಮುಳುಗಿದ. ಗಾಯಕಿ ಪರದೆ ಸರಿಸಿ ನೋಡಿದರು, ಏನೂ ಹೇಳಲಿಲ್ಲ.

ನೀವು ಬಂದಿದ್ದು 7.35ಕ್ಕೆ. ಆಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಒಂಬತ್ತು ಜನರಿಗೆ ಶಾಲು, ಒಂಬತ್ತು ಜನರಿಗೆ ನೆನಪಿನ ಕಾಣಿಕೆ, ನಾಲ್ಕು ಭಾಷಣ, ವಂದನಾರ್ಪಣೆ. ಗಾಯಕಿ ಕೂತಾಗ ಗಂಟೆ 8.20. ನನ್ನ ಕಡೆ ತಿರುಗಿ ಮೆಲ್ಲಗೆ, "ಪಂಚಮಕ್ಕ ಹಚ್ಚು ತಮ್ಮಾ, ಯಮನ್ ಹಾಡ್ತೇನಿ" ಅಂದರು. ಯಮನ್ ರಾತ್ರಿ ಹೊತ್ತಿನ ರಾಗ, ಅದರಲ್ಲಿ ಪಂಚಮ ಇದೆ. ಮೈಕ್ ಆನ್ ಆಗಿತ್ತು. ನಾನು ಎಲ್ಲರೆದುರು ಮೊದಲ ತಂತಿಯನ್ನು ಬಿಚ್ಚಿ ಮತ್ತೆ ಸೇರಿಸಿದೆ.

ಯಮನ್ ಚೆನ್ನಾಗೇ ಆಯಿತು, ಸುಳ್ಳು ಹೇಳಬಾರದು. ಜನ ಚಪ್ಪಾಳೆ ತಟ್ಟಿದರು. ತಪ್ಪಿಹೋದದ್ದು ಏನು ಅಂತ ಅಲ್ಲಿದ್ದ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ.

ನಿಮ್ಮ ಮೇಲೆ ಸಿಟ್ಟಿಗೆ ಬರೆಯುತ್ತಿರುವ ಪತ್ರ ಅಲ್ಲ ಇದು. ಆವತ್ತು ಮುಹೂರ್ತ ಇದ್ದ ದಿನ. ನೀವು ನಾಲ್ಕು ಮದುವೆ, ಒಂದು ಗೃಹಪ್ರವೇಶ ಮುಗಿಸಿ ಬಂದವರು. ಒಂದಕ್ಕೆ ಹೋಗದಿದ್ದರೂ ಜನ ಮುಖ ತಿರುಗಿಸುತ್ತಾರೆ, ನಿಮ್ಮ ಕಷ್ಟ ನಿಮಗೆ. ಇನ್ನು "ಶಾಸಕರು ಬರೋತನಕ ಕಾಯೋಣ" ಅಂದವರು ಯಾರು? ಸಮಿತಿಯವರು. ಅದಕ್ಕೆ ತಲೆ ಆಡಿಸಿದವರಲ್ಲಿ ನಾನೂ ಒಬ್ಬ. ನೀವು ಕಾಯಿರಿ ಅಂತ ಹೇಳಿರಲಿಲ್ಲ. ಕಾಯಬೇಡಿ ಅಂತಲೂ ಹೇಳಿರಲಿಲ್ಲ, ಅಷ್ಟೇ.

"ರಾಗಕ್ಕೆ ಎಂಥ ಹೊತ್ತು ಮಾರಾಯ? ಮೊಬೈಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೂ ಮಾರ್ವಾ ಕೇಳ್ತೇವಲ್ಲ" ಅಂತ ನನ್ನ ಗೆಳೆಯನೇ ಕೇಳಿದ. ಕೇಳಬಹುದು, ಯಾರೂ ಹಿಡಿದು ಒಳಗೆ ಹಾಕೋದಿಲ್ಲ. ಆದರೆ ಹಿಂದೂಸ್ತಾನಿಯಲ್ಲಿ ಸಂಧಿಪ್ರಕಾಶ ರಾಗ ಅಂತಲೇ ಒಂದು ಗುಂಪಿದೆ. ಹಗಲು ರಾತ್ರಿ ಕೂಡುವ ಹೊತ್ತಿನ ರಾಗಗಳು ಅವು. ಸಂಜೆಗೆ ಮಾರ್ವಾ, ಪೂರಿಯಾ ಧನಾಶ್ರೀ, ಶ್ರೀ. ಮಾರ್ವಾದಲ್ಲಿ ಷಡ್ಜವನ್ನೇ, ಅಂದರೆ ನೆಲೆಯ 'ಸ' ಸ್ವರವನ್ನೇ, ತಪ್ಪಿಸಿ ತಪ್ಪಿಸಿ ಹಾಡುತ್ತಾರೆ. ಕೋಮಲ ರಿಷಭದಲ್ಲಿ ನಿಲ್ಲುತ್ತಾರೆ, ಧೈವತದಲ್ಲಿ ನಿಲ್ಲುತ್ತಾರೆ, ಇನ್ನೇನು ಷಡ್ಜಕ್ಕೆ ಬಂದರು ಅನ್ನುವಾಗ ಮತ್ತೆ ಹೊರಟುಬಿಡುತ್ತಾರೆ. ಕೇಳುವವರ ಎದೆಯಲ್ಲಿ ಏನೋ ತೂಗಿಬಿಟ್ಟ ಹಾಗಿರುತ್ತದೆ. ಸೂರ್ಯ ನೀರಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿರುವಾಗ ಇದನ್ನು ಕೇಳೋದಕ್ಕೂ, ಟ್ಯೂಬ್‌ಲೈಟ್ ಕೆಳಗೆ ಕೇಳೋದಕ್ಕೂ ವ್ಯತ್ಯಾಸ ಇಲ್ವಾ?

ಹವಾನಿಯಂತ್ರಿತ ಸಭಾಂಗಣದಲ್ಲಾದರೆ ನಾನು ಈ ಮಾತೇ ಎತ್ತುತ್ತಿರಲಿಲ್ಲ. ಅಲ್ಲಿ ಹೊರಗೆ ಹಗಲೋ ರಾತ್ರಿಯೋ ಯಾರಿಗೂ ಗೊತ್ತಾಗಲ್ಲ. ಆದರೆ ಜನ ನಮ್ಮೂರಿಗೆ ಯಾಕೆ ಬರಬೇಕು? ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಲ್ಲಿ ಶುರು ಮಾಡಿದ ಉತ್ಸವ ಇದೆ. ಚೆನ್ನೈನಲ್ಲಿ ಡಿಸೆಂಬರ್ ಇಡೀ ಕಛೇರಿ. ಬೇಸಿಗೆಯಲ್ಲೇ ಕೇಳಬೇಕು ಅನ್ನುವವರಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಯುತ್ತಿದೆ, ಜೊತೆಗೆ ಪಾನಕ ಕೋಸಂಬರಿ. ಇವರ ಕಲಾವಿದರ ಪಟ್ಟಿಯ ಜೊತೆ ನಾವು ಪೈಪೋಟಿಗೆ ನಿಲ್ಲೋದು ಸಾಧ್ಯವೇ ಇಲ್ಲ, ನಿಲ್ಲಲೂಬಾರದು. ಅವರ ಹತ್ತಿರ ಇಲ್ಲದ್ದು ನಮ್ಮ ಹತ್ತಿರ ಒಂದೇ ಇದೆ: ಪಡುವಣಕ್ಕೆ ತೆರೆದ ಕಡಲು. ಚೆನ್ನೈನಲ್ಲೂ ಕಡಲಿದೆ, ಆದರೆ ಅಲ್ಲಿ ಸೂರ್ಯ ಕಡಲಿಂದ ಹುಟ್ಟೋದು. ನಮ್ಮಲ್ಲಿ ಮುಳುಗೋದು. ಮುಳುಗಿದ ಮೇಲೂ ಇಪ್ಪತ್ತು ಚಿಲ್ಲರೆ ನಿಮಿಷ ಬೆಳಕಿರುತ್ತದೆ, ಆಮೇಲೆ ಕತ್ತಲೆ. ನಮ್ಮ ಉತ್ಸವದ ಬಂಡವಾಳ ಅಂತ ಇರೋದು ಅಷ್ಟೇ ಹೊತ್ತು. ಅದನ್ನು ನಾವು ಶಾಲು ಹೊದೆಸಿ ಕಳೆದೆವು.

ರಾತ್ರಿಯದ್ದೂ ಹೀಗೇ ಒಂದು ಕತೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಳ್ಳೆಯ ನಿಯಮ, ಡಿಜೆ ಹಾವಳಿ ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ 8.20ಕ್ಕೆ ಶುರುವಾದರೆ ಎರಡನೇ ಕಲಾವಿದರಿಗೆ ಉಳಿಯುವುದು ಅರ್ಧ ಗಂಟೆ. ಸಿತಾರ್ ನುಡಿಸಬೇಕಿದ್ದ ಹುಡುಗ ಬಾಗೇಶ್ರೀ ಆಲಾಪವನ್ನು ಗಡಿಯಾರ ನೋಡುತ್ತಾ ನುಡಿಸಿದ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ಅಂತ ವರ್ಷಕ್ಕೆ ಒಟ್ಟು 15 ದಿನ ಮೀರದ ಹಾಗೆ 12 ಗಂಟೆ ತನಕ ವಿನಾಯಿತಿ ಕೊಡಲು ಅದೇ ನಿಯಮದಲ್ಲಿ ರಾಜ್ಯ ಸರ್ಕಾರಕ್ಕೆ ಅವಕಾಶ ಇದೆ. ಆ ದಿನಗಳನ್ನು ಗೊತ್ತು ಮಾಡುವಾಗ ನಮ್ಮ ಒಂದೇ ಒಂದು ರಾತ್ರಿ ಸೇರುವ ಹಾಗೆ ನೀವು ಒಂದು ಮಾತು ಹೇಳಬಹುದಲ್ವಾ? ಮೂರೂ ರಾತ್ರಿ ಬೇಡ. ದರ್ಬಾರಿಯೋ ಮಾಲಕಂಸವೋ ಒಂದು ರಾತ್ರಿಯ ರಾಗವನ್ನು ನೆಮ್ಮದಿಯಲ್ಲಿ ಕೇಳುವಷ್ಟು ಸಾಕು. ಬೆಳಗಿನದ್ದಕ್ಕೆ ನಿಮ್ಮ ಸಹಾಯವೇ ಬೇಡ. 6 ಗಂಟೆಗೆ ದೇವಸ್ಥಾನದ ಪೌಳಿಯಲ್ಲಿ ನೂರು ಜನ ಕೂತು ಮೈಕೇ ಇಲ್ಲದೆ ಭೈರವ್ ಕೇಳುತ್ತೇವೆ. ಕಾಗೆಗಳ ಗಲಾಟೆ ಒಂದಿರುತ್ತದೆ, ಅದಕ್ಕೆ ಯಾವ ನಿಯಮವೂ ಇಲ್ಲ.

ಈ ಸಲ ನೀವು "ಬೀಚ್ ಮೇಲೇ ದೊಡ್ಡ ವೇದಿಕೆ, ಲೇಸರ್ ಲೈಟು" ಅಂತ ಹೇಳಿದಿರಿ ಅಂತ ಕೇಳಿದೆ. ಸುಮ್ನೆ ಗಾಳಿಮಾತಾಗಿದ್ದರೆ ಒಳ್ಳೆಯದು. ನಮ್ಮ ಕರಾವಳಿಯಲ್ಲಿ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಅಂಥ ಕಡೆ, ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಇಟ್ಟ ಮೊಟ್ಟೆ ಒಡೆಯಲು ಒಂದೂವರೆ ಎರಡು ತಿಂಗಳು ಬೇಕು. ಮಾರ್ಚ್‌ನಲ್ಲಿ ಇಟ್ಟಿದ್ದಕ್ಕೆ ಮರಿ ಹೊರಬರೋದು ಹೆಚ್ಚುಕಡಿಮೆ ಉತ್ಸವದ ಹೊತ್ತಿಗೇ. ಮರಿಗಳು ಬೆಳಕು ಇರುವ ಕಡೆಯೇ ಕಡಲು ಅಂದುಕೊಂಡು ಹರಿದಾಡುತ್ತವೆ. ಫ್ಲಡ್‌ಲೈಟ್ ಹಾಕಿದರೆ ಅವು ನೇರ ವೇದಿಕೆಗೇ ಬಂದಾವು, ಸಂಗೀತ ಕೇಳಲಿಕ್ಕಲ್ಲ. ಮೀನುಗಾರಿಕಾ ದಕ್ಕೆಯೂ ಬೇಡ. ಯಾಂತ್ರಿಕ ದೋಣಿಗಳಿಗೆ ರಜೆ ಸಿಗೋದು ಜೂನ್ 1ರಿಂದ. ಅದಕ್ಕೆ ಮುಂಚೆ ನಮ್ಮ ಉತ್ಸವದ ಹೊತ್ತೆಂದರೆ ಅವರಿಗೆ ಕೊನೆಯ ದುಡಿಮೆಯ ದಿನಗಳು. ಅವರ ಜಾಗ ಹಿಡಿದು ನಾವು ಪೂರಿಯಾ ಕೇಳೋದು ಸರಿಯಲ್ಲ. ಹೋದ ವರ್ಷದ ಶಾಲೆ ಮೈದಾನವೇ ಸಾಕು, ಅಲ್ಲಿಂದ ಕಡಲು ಕಾಣುತ್ತದೆ.

ದೊಡ್ಡದು ಏನಾದರೂ ಮಾಡಲೇಬೇಕು ಅಂತ ನಿಮಗೆ ಆಸೆ ಇದ್ದರೆ ಒಂದು ಜಾಗ ತೋರಿಸುತ್ತೇನೆ. ಹೊಳೆ ದಂಡೆಯ ಹಳೇ ಹಂಚಿನ ಕಾರ್ಖಾನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ಕರಾವಳಿಯ ಹೊಳೆ ಪಕ್ಕದಲ್ಲೆಲ್ಲ ಇಂಥವು ಎದ್ದವು. ಕಾಂಕ್ರೀಟ್ ಮನೆಗಳು ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಮೊನ್ನೆ ನಾನು ಆ ಕಾರ್ಖಾನೆಯ ಒಳಗೆ ಹೋಗಿದ್ದೆ. ಬಾವಲಿ ವಾಸನೆ, ಮೊಣಕಾಲೆತ್ತರ ಗಿಡ, ಮೂಲೆಯಲ್ಲಿ ಒಡೆದ ಹಂಚಿನ ರಾಶಿ. ಆದರೆ ಮರದ ತೊಲೆಗಳು ಇನ್ನೂ ಗಟ್ಟಿಯಾಗಿವೆ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಷಡ್ಜ ಹಿಡಿದೆ. ನಮ್ಮ ಕಲ್ಯಾಣಮಂಟಪದಲ್ಲಿ ಸ್ವರ ಗೋಡೆಗೆ ಬಡಿದು ವಾಪಸ್ ಮುಖಕ್ಕೇ ಬರುತ್ತದೆ. ಇಲ್ಲಿ ಹಾಗಾಗಲಿಲ್ಲ. ಮೇಲೆ ಹೋಗಿ, ಹಂಚಿನ ಅಡಿಯಲ್ಲಿ ಸ್ವಲ್ಪ ಹೊತ್ತು ಕೂತು, ಮೆಲ್ಲಗೆ ಆರಿತು.

ಹುಚ್ಚು ಯೋಚನೆ ಅನ್ನಬೇಡಿ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಆಲ್ಡ್‌ಬರೋ ಅಂತ ಒಂದು ಸಣ್ಣ ಊರು, ಮೀನುಗಾರರ ಊರು. ಸಂಗೀತಗಾರ ಬೆಂಜಮಿನ್ ಬ್ರಿಟನ್ ಗೆಳೆಯರ ಜೊತೆ ಸೇರಿ 1948ರಲ್ಲಿ ಅಲ್ಲಿ ಬೇಸಿಗೆ ಸಂಗೀತೋತ್ಸವ ಶುರು ಮಾಡಿದರು. ಆಗ ಇದ್ದದ್ದು ಊರಿನ ಸಣ್ಣ ಸಭಾಭವನ ಮತ್ತು ಚರ್ಚು. ಜಾಗ ಸಾಲದೆ ಹೋದಾಗ ಹೊಸ ಕಟ್ಟಡ ಎಬ್ಬಿಸಲಿಲ್ಲ. ಹತ್ತಿರದ ಸ್ನೇಪ್ ಅನ್ನುವ ಹಳ್ಳಿಯಲ್ಲಿ, ಹೊಳೆ ದಂಡೆಯಲ್ಲಿ, ಬಿಯರ್‌ಗೆ ಬಾರ್ಲಿ ಮೊಳಕೆ ಬರಿಸುತ್ತಿದ್ದ ಹಳೇ ಕಾರ್ಖಾನೆಯೊಂದಿತ್ತು. ಅದನ್ನೇ ಸಭಾಂಗಣ ಮಾಡಿದರು. 1967ರಲ್ಲಿ ರಾಣಿ ಬಂದು ಉದ್ಘಾಟಿಸಿದರು. ಎರಡೇ ವರ್ಷಕ್ಕೆ, 1969ರ ಉತ್ಸವದ ಮೊದಲ ರಾತ್ರಿಯೇ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಮರುವರ್ಷದ ಉತ್ಸವದ ಹೊತ್ತಿಗೆ ಮತ್ತೆ ಕಟ್ಟಿ ನಿಲ್ಲಿಸಿದ್ದರು. ಇವತ್ತಿಗೂ ಕಛೇರಿ ನಡೆಯೋದು ಅಲ್ಲೇ. ನಾನು ಈ ವರ್ಷವೇ ಕೇಳುತ್ತಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಕಾರ್ಖಾನೆ ಒಳಗೆ ಬನ್ನಿ, ಷಡ್ಜ ನಾನು ಹಿಡಿಯುತ್ತೇನೆ. ಟಾರ್ಚ್ ತನ್ನಿ.

ಹಣದ ಬಗ್ಗೆ ಹೆಚ್ಚು ಹೇಳಲ್ಲ. ಏಪ್ರಿಲ್ 1ಕ್ಕೆ ಸರ್ಕಾರದ ಹೊಸ ವರ್ಷ, ಏಪ್ರಿಲ್ ಕೊನೆಗೆ ನಮ್ಮ ಉತ್ಸವ. ಹಳೇ ಅನುದಾನ ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ. ದೊಡ್ಡ ಕಲಾವಿದರಿಗೆ ಹೇಗೋ ಹೊಂದಿಸುತ್ತೇವೆ, ಉಳಿಯೋದು ತಬಲಾ, ಹಾರ್ಮೋನಿಯಂ ಸಾಥಿಯವರ ಸಂಭಾವನೆ. ಮಳೆಗಾಲ ಮುಗಿದ ಮೇಲೆ ಅವರಿಗೆ ಚೆಕ್ ಕೊಡುವಾಗ ನಮಗೇ ನಾಚಿಕೆ. ಅದೊಂದನ್ನು ಫೆಬ್ರವರಿಯಲ್ಲೇ ಮಾತಾಡಿ ಮುಗಿಸಲು ಆದೀತಾ ನೋಡಿ.

ಆದರೆ ನಾನು ಈ ಪತ್ರ ಬರೆದದ್ದು ಇದ್ಯಾವುದಕ್ಕೂ ಅಲ್ಲ. ನಿಮ್ಮಿಂದ ಬೇಕಾಗಿರೋದು ಒಂದೇ ಸಾಲಿನ ಚೀಟಿ. "ನಾನು ಬರೋದು ತಡವಾದರೆ ಕಾಯಬೇಡಿ, ಹಾಡು ಶುರು ಮಾಡಿ" ಅಂತ ಬರೆದು, ಸಹಿ ಹಾಕಿ, ಸಮಿತಿಯವರ ಕೈಗೆ ಕೊಟ್ಟುಬಿಡಿ. ನಾವು ಹೇಳಿದರೆ ಅವರು ಕೇಳೋದಿಲ್ಲ, ನಿಮ್ಮ ಸಹಿ ಇದ್ದರೆ ಕೇಳುತ್ತಾರೆ. ದೀಪವನ್ನು 6.15ಕ್ಕೆ ಊರಿನ ಯಾವುದಾದರೂ ಸಂಗೀತ ಕಲಿಯುವ ಹುಡುಗಿ ಹಚ್ಚಲಿ. ಶಾಲು, ಭಾಷಣ ಏನಿದ್ದರೂ ಕಛೇರಿಗಳ ನಡುವಿನ ಚಾ ಬಿಡುವಿನಲ್ಲಿ ಆಗಲಿ.

ಧಾರವಾಡದ ಅಮ್ಮ ಮತ್ತೆ ಬರಲು ಒಪ್ಪಿದ್ದಾರೆ. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಈ ಸಲಾನೂ ಯಮನ್ ಏನೋ ತಮ್ಮಾ?" ನಾನಿನ್ನೂ ಉತ್ತರ ಕೊಟ್ಟಿಲ್ಲ. ಎರಡನೇ ದಿನ ಸಂಜೆ 6.30ಕ್ಕೆ ತಂಬೂರಿಯ ಮೊದಲ ತಂತಿ ನಿಷಾದಕ್ಕೇ ಇರುತ್ತದೆ. ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ನಿಮಗೆ ಜಾಗ ಇಟ್ಟಿರುತ್ತೇನೆ. ತಡವಾದರೆ ಎಡಗಡೆಯಿಂದ ಮೆಲ್ಲಗೆ ಬನ್ನಿ. ಚಪ್ಪಲಿ ಹೊರಗೆ, ಫೋನ್ ಆಫ್.

ಇಂತಿ,
ತಂಬೂರಿ ಶ್ರುತಿ ಮಾಡುವ, ಕುರ್ಚಿ ಎಣಿಸುವ ನಿಮ್ಮ ಮತದಾರ