ಚುಚ್ಚಿದ ಸ್ಟೆಮ್ ಸೆಲ್ ಬದುಕಿದೆಯೇ?

ಮಾನ್ಯರೇ,

ಅಡಿಕೆ ಮರ ಹತ್ತಿ ಕೊನೆ ತೆಗೆದು ತೆಗೆದು ಅಪ್ಪನ ಮೊಣಕಾಲು ಸವೆದಿದೆ. ಗಡಿಯಾಚೆಯ ಒಂದು ಕ್ಲಿನಿಕ್‌ನಲ್ಲಿ, ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದೆ ಎಂದರು. ಅಪ್ಪ ಮುಂಡು ಮೇಲೆತ್ತಿ, ಊದಿದ ಮೊಣಕಾಲು ತೋರಿಸಿ, “ನೆಟ್ಟ ಬೀಜ ಮೊಳೆಯಿತೋ ಕೊಳೆಯಿತೋ ಅಂತ ಹೇಗೆ ನೋಡ್ತೀರಿ ಡಾಕ್ಟ್ರೇ?” ಎಂದು ಕೇಳಿದರು. ಉತ್ತರ ಸಿಗಲಿಲ್ಲ.

ಕೊಯ್ಯದೆ ನೋಡುವ ದಾರಿಗಳಿವೆ. ಚುಚ್ಚುವ ಮೊದಲೇ ಕೋಶಗಳಿಗೆ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣ ತುಂಬಿಸಿದರೆ, ಎಂಆರ್‌ಐಯಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಆದರೆ ಕೋಶ ಸತ್ತರೂ ಕಬ್ಬಿಣ ಅಲ್ಲೇ ಉಳಿಯಬಹುದು. ಅದನ್ನು ನುಂಗಿದ ನಮ್ಮದೇ ರಕ್ಷಕ ಕೋಶಗಳೂ ಹಾಗೇ ಕಾಣುತ್ತವೆ. ಸುಮ್ನೆ ಕಪ್ಪು ಚುಕ್ಕೆ ನೋಡಿ ಖುಷಿಪಡುವಂತಿಲ್ಲ, ಅಲ್ವಾ? ಬದುಕಿದ ಕೋಶವನ್ನಷ್ಟೇ ತೋರಿಸಲು ರಿಪೋರ್ಟರ್ ಜೀನ್ (ಕೋಶ ಬದುಕಿದ್ದರಷ್ಟೇ ಗುರುತು ಕೊಡುವ ಜೀನ್) ಸೇರಿಸಿ, ಆ ಗುರುತನ್ನು ವಿಕಿರಣ ಸೂಸುವ ಔಷಧಿಯ ಮೂಲಕ ಹಿಡಿಯುವ ಪೆಟ್ ಸ್ಕ್ಯಾನ್ ಮಾಡುವ ವಿಧಾನವಿದೆ. ಅದು ಜಾಸ್ತಿ ಇರುವುದು ಸಂಶೋಧನೆಯಲ್ಲೇ.

2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಯಂಥ ಕೆಲವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಇನ್ನೂ ಪ್ರಯೋಗ. ಅದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಕಾಸರಗೋಡಿನ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಮಲಯಾಳದ ಜೊತೆ ಕನ್ನಡದಲ್ಲೂ ಬರೆದು ಹಾಕಬೇಕು. ಅಪ್ಪನಂಥವರು ಓದುವುದು ಕನ್ನಡವನ್ನೇ.

– ಓದುಗ, ಬದಿಯಡ್ಕ