ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗ ಓದಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಎಣ್ಣೆ ಚರ್ಮದವರಿಗೆ ಕೊಟ್ಟಿರುವ ಸಲಹೆಗಳಲ್ಲಿ ಎರಡು ಮಾತುಗಳನ್ನು ತಿದ್ದಬೇಕಾಗಿದೆ. ಒಂದು, 'ಮಾಯಿಶ್ಚರೈಸರ್ ಹಚ್ಚದಿದ್ದರೆ ಚರ್ಮ ಒಣಗಿ, ಅದನ್ನು ಸರಿದೂಗಿಸಲು ಇನ್ನಷ್ಟು ಎಣ್ಣೆ ಸುರಿಸುತ್ತದೆ' ಎಂಬುದು. ಇನ್ನೊಂದು, 'ಆಯಿಲ್ ಫ್ರೀ ಎಂದು ಬರೆದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು' ಎಂಬುದು. ಮೊದಲನೆಯದಕ್ಕೆ ಗಟ್ಟಿ ಆಧಾರವಿಲ್ಲ. ಎರಡನೆಯದನ್ನು ನಂಬಿದರೆ ದುಡ್ಡೂ ದಂಡ, ಮುಖವೂ ಹಾಳು.

ಚರ್ಮದ ಎಣ್ಣೆ ಗ್ರಂಥಿಗಳು ಹೊರಗಿನ ಒಣತನ ಅಳೆದು ಕೆಲಸ ಮಾಡುವುದಿಲ್ಲ. ಅವುಗಳಿಗೆ ಅಪ್ಪಣೆ ಕೊಡುವುದು ಮುಖ್ಯವಾಗಿ ಆಂಡ್ರೊಜೆನ್ ಹಾರ್ಮೋನುಗಳು (ಗಂಡು, ಹೆಣ್ಣು ಇಬ್ಬರಲ್ಲೂ ಇರುವ 'ಪುರುಷ' ಹಾರ್ಮೋನುಗಳು). ವಯಸ್ಸಿನದೂ ವಂಶದ್ದೂ ಪಾಲಿದೆ. ಹರೆಯದಲ್ಲಿ ಮುಖ ಜಿಡ್ಡುಗಟ್ಟುವುದು ಇದರಿಂದಲೇ. ಮುಖ ತೊಳೆದ ಎರಡು ಗಂಟೆಗೆ ಮತ್ತೆ ಹೊಳಪು ಬಂತೆಂದರೆ ಗ್ರಂಥಿಗಳು ಸಿಟ್ಟಿಗೆದ್ದವು ಎಂದಲ್ಲ. ಅವು ಮೊದಲಿನ ವೇಗದಲ್ಲೇ ಇವೆ. ಆಗಷ್ಟೇ ಒರೆಸಿದ ನೆಲದ ಮೇಲೆ ಒಂದು ಹನಿ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ, ಅಷ್ಟೆ.

ಹಾಗಾದರೆ ಮಾಯಿಶ್ಚರೈಸರ್ ಯಾಕೆ? ಎಣ್ಣೆ ಬೇರೆ, ನೀರಿನಂಶ ಬೇರೆ ಆದ್ದರಿಂದ. ಗ್ರಂಥಿ ಸುರಿಸುವ ಎಣ್ಣೆಯಲ್ಲಿ, ಅಂದರೆ ಸೀಬಂನಲ್ಲಿ ಇರುವುದು ಟ್ರೈಗ್ಲಿಸರೈಡ್, ಮೇಣದಂಥ ಎಸ್ಟರ್, ಸ್ಕ್ವಾಲೀನ್. ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಗಾರೆಯಂತೆ ಕೂತು ನೀರು ಆರಿಹೋಗದಂತೆ ತಡೆಯುವುದು ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಪಿಎಚ್ 9–10ರ, ಅಂದರೆ ಕ್ಷಾರ ಗುಣದ, ಸಾಬೂನಿನಿಂದ ದಿನಕ್ಕೆ ನಾಲ್ಕು ಸಲ ಉಜ್ಜಿದರೆ, ಅಥವಾ ಮೊಡವೆಗೆಂದು ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಹಚ್ಚುತ್ತಿದ್ದರೆ ಸಡಿಲವಾಗುವುದು ಈ ಗಾರೆ. ಗ್ರಂಥಿಗಳಿಗೆ ಅದರ ಸುದ್ದಿಯೇ ಇಲ್ಲ. ಹಣೆ ಹೊಳೆಯುತ್ತಿರುವಾಗಲೇ ಮೂಗಿನ ಪಕ್ಕದಲ್ಲಿ ಸಿಪ್ಪೆ ಏಳುವುದು ಹೀಗೆ.

ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮನೆಯಲ್ಲೇ ನೋಡಬಹುದು. ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಬಟ್ಟೆಯಿಂದ ಉಜ್ಜದೆ ಒತ್ತಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ಬಾಯಿ ದೊಡ್ಡದಾಗಿ ತೆರೆಯಿರಿ. ಕೆನ್ನೆ ಬಿಗಿದಂತಾದರೆ ನೀರಿನಂಶ ಕಡಿಮೆ. ಟಿಶ್ಯೂ ಪೇಪರನ್ನು ಹಣೆ, ಮೂಗು, ಗಲ್ಲ, ಎರಡೂ ಕೆನ್ನೆಗೆ ಬೇರೆ ಬೇರೆಯಾಗಿ ಒತ್ತಿ, ಬೆಳಕಿಗೆ ಹಿಡಿದು ನೋಡಿ: ಎಲ್ಲ ಕಡೆ ಪಾರದರ್ಶಕ ಕಲೆ ಬಂದರೆ ಎಣ್ಣೆ ಚರ್ಮ, ನಡುಮುಖದಲ್ಲಿ ಮಾತ್ರ ಬಂದರೆ ಮಿಶ್ರ. ಎಣ್ಣೆಯೂ ಇದೆ, ಬಿಗಿತವೂ ಇದೆ ಎನ್ನುವವರೇ ಮಾಯಿಶ್ಚರೈಸರಿನ ನಿಜವಾದ ಗಿರಾಕಿಗಳು. ಬಿಗಿತ ಇಲ್ಲ, ಸಿಪ್ಪೆ ಇಲ್ಲ, ಬೆಳಿಗ್ಗೆ ಸನ್‌ಸ್ಕ್ರೀನ್ ಲೋಷನ್ ಹೇಗೂ ಹಚ್ಚುತ್ತೀರಿ ಎಂದಾದರೆ ಹಗಲಿಗೆ ಇನ್ನೊಂದು ಡಬ್ಬಿ ಬೇಕಾಗಿಯೇ ಇಲ್ಲ. ಆ ಲೋಷನ್ನೇ ಸಾಕು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇನ್ನು ಕೊಳ್ಳುವ ಮಾತು. 'ಆಯಿಲ್ ಫ್ರೀ', 'ನಾನ್ ಕಾಮೆಡೋಜೆನಿಕ್' (ರಂಧ್ರ ಮುಚ್ಚದ) ಎಂಬ ಪದಗಳಿಗೆ ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆ ಇಲ್ಲ. ಕ್ರೀಮಿಗೆ ನುಣುಪು ಕೊಡುವ ಐಸೊಪ್ರೊಪೈಲ್ ಪಾಲ್ಮಿಟೇಟ್ ರಸಾಯನಶಾಸ್ತ್ರದ ಲೆಕ್ಕದಲ್ಲಿ ಎಸ್ಟರ್, ಎಣ್ಣೆಯಲ್ಲ. ಅದನ್ನು ಧಾರಾಳವಾಗಿ ಸುರಿದ ಕ್ರೀಮಿನ ಮೇಲೂ 'ಆಯಿಲ್ ಫ್ರೀ' ಎಂದು ಬರೆಯಬಹುದು. ಸುಳ್ಳೂ ಹೇಳಿದಂತಾಗಲಿಲ್ಲ, ರಂಧ್ರವೂ ಮುಚ್ಚಿತು.

ಆದ್ದರಿಂದ ಹಿಂಭಾಗದ ಸಣ್ಣ ಅಕ್ಷರಗಳನ್ನೇ ಓದಬೇಕು. ಘಟಕಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಯತ್ತ ಇಳಿಸುತ್ತಾ ಬರೆಯುತ್ತಾರೆ. ಶೇ 1ರ ಕೆಳಗಿನವನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಆ ಶೇ 1ರ ಗೆರೆ ಎಲ್ಲಿ ಎಂದು ಪತ್ತೆ ಮಾಡಲು ಒಂದು ಉಪಾಯವಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕ ಬಹಳ ಉತ್ಪನ್ನಗಳಲ್ಲಿ ಇರುತ್ತದೆ. ಅದಕ್ಕೆ ಐರೋಪ್ಯ ಒಕ್ಕೂಟವೂ ಸೇರಿ ಹಲವೆಡೆ ಇರುವ ಮಿತಿ ಶೇ 1. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇ 1 ಅಥವಾ ಅದಕ್ಕಿಂತ ಕಡಿಮೆ. ಒಂದು ಪಟ್ಟಿ ಹೀಗಿದೆ ಎಂದುಕೊಳ್ಳಿ: ನೀರು, ಗ್ಲಿಸರಿನ್, ಡೈಮೆಥಿಕೋನ್, ಕಾರ್ಬೊಮರ್, ಫೀನಾಕ್ಸಿಎಥನಾಲ್, ನಯಾಸಿನಮೈಡ್, ಸೋಡಿಯಂ ಹಯಲುರೊನೇಟ್, ಪರಿಮಳ. ಮುಂಭಾಗದಲ್ಲಿ ದೊಡ್ಡದಾಗಿ ನಯಾಸಿನಮೈಡ್ (ಬಿ3 ಜೀವಸತ್ವದ ಒಂದು ರೂಪ) ಎಂದಿದ್ದರೂ ಗೆರೆಯಾಚೆ ಕೂತ ಅದು ಹೆಸರಿಗೆ ಮಾತ್ರ. ಜಿಡ್ಡು ಕಡಿಮೆಯಾಗಬೇಕಾದರೆ ಅದು ಕನಿಷ್ಠ ಶೇ 2 ಇರಬೇಕು, ಶೇ 4–5 ಇದ್ದರೆ ಒಳ್ಳೆಯದು. ಆದರೆ ಅದೇ ಜಾಗದಲ್ಲಿ ನೀರು ಹಿಡಿದಿಡುವ ಸೋಡಿಯಂ ಹಯಲುರೊನೇಟ್ ಇದ್ದರೆ ತಪ್ಪಿಲ್ಲ. ಅದು ಶೇ 0.1ರಷ್ಟಿದ್ದರೂ ಕೆಲಸ ಮಾಡುತ್ತದೆ, ಹೆಚ್ಚು ಹಾಕಿದರೆ ಲೋಳೆಯಾಗುತ್ತದೆ.

ಎಣ್ಣೆ ಚರ್ಮಕ್ಕೆ ಬೇಕಾದ್ದು ನೀರು ಹಿಡಿದಿಡುವ ಗ್ಲಿಸರಿನ್ ಅಥವಾ ಪ್ಯಾಂಥೆನಾಲ್, ಅದರ ಮೇಲೆ ತೆಳುವಾಗಿ ಹೊದೆಯುವ ಡೈಮೆಥಿಕೋನ್ ಎಂಬ ಸಿಲಿಕೋನ್. ಸೆರಮೈಡ್ ಇದ್ದರೆ ಲಾಭವೇ. ಗ್ಲಿಸರಿನ್ ಶೇ 10 ದಾಟಿದರೆ ಮುಖ ಅಂಟಂಟಾಗುತ್ತದೆ, ಅದನ್ನೇ ಜನ ಎಣ್ಣೆ ಎಂದು ತಿಳಿಯುತ್ತಾರೆ. ಪಟ್ಟಿಯ ಮೊದಲ ಐದಾರು ಹೆಸರುಗಳಲ್ಲಿ ಕೊಬ್ಬರಿ ಎಣ್ಣೆ, ಕೋಕೋ ಬೆಣ್ಣೆ, ಐಸೊಪ್ರೊಪೈಲ್ ಮಿರಿಸ್ಟೇಟ್ ಅಥವಾ ಐಸೊಪ್ರೊಪೈಲ್ ಪಾಲ್ಮಿಟೇಟ್ ಇದ್ದರೆ ಕೆಳಗಿಡಿ. ಕೊನೆಯಲ್ಲೆಲ್ಲೋ ಇವುಗಳಲ್ಲೊಂದು ಸಿಕ್ಕಿತೆಂದು ಚೆನ್ನಾಗಿ ಹೊಂದಿಕೊಂಡ ಡಬ್ಬಿಯನ್ನು ಎಸೆಯಬೇಕಿಲ್ಲ. ರಂಧ್ರ ಮುಚ್ಚುವ ವಸ್ತುಗಳ ಪಟ್ಟಿಗಳಿಗೆ ಮೂಲ ಹೆಚ್ಚಾಗಿ 1970 ಮತ್ತು 80ರ ದಶಕಗಳ ಮೊಲದ ಕಿವಿಯ ಪರೀಕ್ಷೆಗಳು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬಹಳ ಬೇಗ ಪ್ರತಿಕ್ರಿಯಿಸುತ್ತದೆ, ಮೇಲಾಗಿ ಬಿಡಿ ವಸ್ತುವಿನ ಅಂಕ ತಯಾರಾದ ಕ್ರೀಮಿಗೆ ಹೊಂದುವುದಿಲ್ಲ. ಅದೇ ಪಟ್ಟಿಗಳನ್ನು ನೋಡಿ ಹೆದರಿಸಲಾಗುವ ಖನಿಜ ತೈಲ ಮತ್ತು ಪೆಟ್ರೋಲೇಟಂ (ಪೆಟ್ರೋಲಿಯಂ ಜೆಲ್ಲಿ) ಶುದ್ಧ ರೂಪದಲ್ಲಿ ರಂಧ್ರ ಮುಚ್ಚುವುದಿಲ್ಲ. ಎಣ್ಣೆ ಚರ್ಮದವರಿಗೆ ಅವು ಬೇಡ ಎನ್ನಲು ಜಿಗುಟು ಮತ್ತು ಹೊಳಪೇ ಸಾಕಾದ ಕಾರಣ.

ಆಲ್ಕೋಹಾಲ್ ವಿಷಯದಲ್ಲೂ ಗೊಂದಲವಿದೆ. ಸೀಟೈಲ್ ಆಲ್ಕೋಹಾಲ್, ಸೀಟೊಸ್ಟಿಯರೈಲ್ ಆಲ್ಕೋಹಾಲ್ ಮೇಣದಂಥವು, ಚರ್ಮ ಒಣಗಿಸುವುದಿಲ್ಲ. 'ಆಲ್ಕೋಹಾಲ್ ಡಿನ್ಯಾಟ್' (ಕುಡಿಯಲು ಬಾರದಂತೆ ಮಾಡಿದ ಮದ್ಯಸಾರ) ಎರಡನೆಯ, ಮೂರನೆಯ ಹೆಸರಾಗಿದ್ದರೆ ಎಚ್ಚರ. ಅಂಥ ಜೆಲ್ ಹಚ್ಚಿದ ಕೂಡಲೇ ಆರಿ, ಮುಖ ಹಗುರವೆನಿಸಿ, ಅಂಗಡಿಯಲ್ಲಿ ಎಲ್ಲರ ಮನಸ್ಸು ಗೆಲ್ಲುತ್ತದೆ. ಮೊಡವೆ ಔಷಧಿ ಹಚ್ಚುತ್ತಿರುವವರಿಗೆ ಅದು ಉರಿ ಉರಿ.

ಜೆಲ್ಲೋ, ಲೋಷನ್ನೋ? ಔಷಧಿ ಏನೂ ಇಲ್ಲದ, ಸೆಕೆಯಲ್ಲಿರುವ ಎಣ್ಣೆ ಚರ್ಮಕ್ಕೆ ಜೆಲ್ ಸರಿ. ಬಹುಪಾಲು ಜೆಲ್‌ಗಳಿಗೆ ಮಂದ ಕೊಡುವುದು ಕಾರ್ಬೊಮರ್. ಉಪ್ಪು ತಾಗಿದರೆ ಅದರ ಹಿಡಿತ ಬಿಟ್ಟುಹೋಗುತ್ತದೆ. ಬೆವರಿದ ಮುಖಕ್ಕೆ ಹಚ್ಚಿದ ಜೆಲ್ ನೀರಾಗಿ ಇಳಿಯಲು ಬೆವರಿನ ಉಪ್ಪೇ ಕಾರಣ, ಮಾಲು ಕೆಟ್ಟಿದೆ ಎಂದಲ್ಲ. ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚುವವರಿಗೆ ಬರಿಯ ಜೆಲ್ ಸಾಲದು, ಸೆರಮೈಡ್ ಅಥವಾ ಡೈಮೆಥಿಕೋನ್ ಇರುವ ತೆಳು ಲೋಷನ್ ಬೇಕು. ಅಡಾಪಲೀನ್ ಉರಿ ತಾಳಲಾರದವರು ಮೊದಲು ಲೋಷನ್, ಅದು ಆರಿದ ಮೇಲೆ ಔಷಧಿ ಹಚ್ಚಿಕೊಳ್ಳಬಹುದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ: ಅದು ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ನಿನ್ನೆಯವರೆಗಿನ ಎಣ್ಣೆ ಚರ್ಮ ಕೆಲವೇ ವಾರಗಳಲ್ಲಿ ಒಣ ಚರ್ಮವಾಗುತ್ತದೆ, ತುಟಿ ಒಡೆಯುತ್ತದೆ. ಅಂಥವರು ಹಳೆಯ ಜೆಲ್ಲಿಗೇ ಜೋತುಬೀಳದೆ ಮಂದ ಕ್ರೀಮಿಗೆ ಬದಲಾಗಬೇಕು.

ಒಳ್ಳೆಯ ಮಾಯಿಶ್ಚರೈಸರಿನ ಹೆಸರು ಕೆಡುವುದು ಬಹುತೇಕ ಅಳತೆ ತಪ್ಪಿದ್ದರಿಂದ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎಣ್ಣೆ ಮುಖಕ್ಕೆ ಅಷ್ಟು ಸಾಕು. ಮುಖ ಇನ್ನೂ ತೇವವಾಗಿರುವಾಗಲೇ ಎರಡು ಕೆನ್ನೆ, ಗಲ್ಲದ ಬದಿಗಳಿಂದ ಶುರು ಮಾಡಿ, ಬೆರಳಲ್ಲಿ ಉಳಿದದ್ದನ್ನು ಮಾತ್ರ ಹಣೆ, ಮೂಗಿಗೆ ಮುಟ್ಟಿಸಿ. ಹೆಚ್ಚಿನವರು ಹಣೆಯಿಂದಲೇ ತೊಡಗುತ್ತಾರೆ. ಎಣ್ಣೆ ಅತಿ ಹೆಚ್ಚು ಇರುವ ಕಡೆಗೇ ಅತಿ ಹೆಚ್ಚು ಕ್ರೀಮು ಬೀಳುತ್ತದೆ, ಬೈಗುಳ ಡಬ್ಬಿಗೆ.

ಸನ್‌ಸ್ಕ್ರೀನ್ ಮೇಲಿಟ್ಟ ಕೂಡಲೇ, ರಬ್ಬರಿನಿಂದ ಪೆನ್ಸಿಲ್ ಗೀಟು ಅಳಿಸಿದಾಗ ಬರುವಂಥ ಸುರುಳಿಗಳು ಏಳುತ್ತವೆಯೇ? ಕೆಳಗಿನ ಪದರ ಆರುವ ಮೊದಲೇ ಮೇಲೆ ಉಜ್ಜಿದ್ದೀರಿ, ಅಥವಾ ಸಿಲಿಕೋನ್, ಕಾರ್ಬೊಮರ್ ಹೆಚ್ಚಿರುವ ಪದರಗಳು ಒಂದರ ಮೇಲೊಂದು ಕೂಡಿವೆ. ಕೆಳಗಿನದನ್ನು ಅರ್ಧ ಮಾಡಿ, ಐದು ನಿಮಿಷ ಕಾಯಿರಿ, ಸನ್‌ಸ್ಕ್ರೀನನ್ನು ಉಜ್ಜದೆ ತಟ್ಟಿ. ಸನ್‌ಸ್ಕ್ರೀನಿನ ಪ್ರಮಾಣವನ್ನು ಮಾತ್ರ ಕಡಿಮೆ ಮಾಡಬೇಡಿ.

ಹೊಸದನ್ನು ನೇರ ಮುಖಕ್ಕೆ ಹಚ್ಚದೆ, ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಇದರಿಂದ ತಿಳಿಯುವುದು ಅಲರ್ಜಿ ಮತ್ತು ಉರಿ ಮಾತ್ರ. ಮೊಡವೆ ಬರುತ್ತದೋ ಇಲ್ಲವೋ ಕೈ ಹೇಳಲಾರದು. ರಂಧ್ರ ಮುಚ್ಚಿ ಬಿಳಿ ಗುಳ್ಳೆ ಮೇಲಕ್ಕೆ ಕಾಣಿಸಲು ವಾರಗಳೇ ಬೇಕು. ಹಾಗಾಗಿ ಒಂದು ಸಲಕ್ಕೆ ಒಂದೇ ಹೊಸ ವಸ್ತು, ಕನಿಷ್ಠ ನಾಲ್ಕು ವಾರ. ಹಚ್ಚಿದ ಮರುದಿನ ಎದ್ದ ಒಂದು ಮೊಡವೆ ಒಳಗೊಳಗೇ ತಯಾರಾಗಿದ್ದದ್ದು, ಅದಕ್ಕೆ ಹೊಸ ಡಬ್ಬಿ ಹೊಣೆಯಲ್ಲ.

ಹಣೆಯ ಕೂದಲಂಚಿನಲ್ಲಿ, ಎದೆ ಬೆನ್ನಿನಲ್ಲಿ ಒಂದೇ ಗಾತ್ರದ ಸಣ್ಣ ಗುಳ್ಳೆಗಳೆದ್ದು ತುರಿಕೆ ಇದ್ದರೆ ಅದು ಮೊಡವೆ ಅಲ್ಲದೆ ಇರಬಹುದು. ಮಲಸೇಜಿಯಾ ಎಂಬ ಯೀಸ್ಟ್ ಎಲ್ಲರ ಚರ್ಮದಲ್ಲೂ ಇರುತ್ತದೆ, ಕೊಬ್ಬಿನಾಮ್ಲ ತಿಂದು ಬೆಳೆಯುತ್ತದೆ. ಅದು ರೋಮದ ಬುಡದಲ್ಲಿ ಅತಿಯಾದಾಗ ಹೀಗಾಗುತ್ತದೆ. ಆಗ ಸಸ್ಯದ ಎಣ್ಣೆಗಳಿರುವ ಕ್ರೀಮು ಬಿಟ್ಟು, ಅದು ತಿನ್ನಲಾರದ ಡೈಮೆಥಿಕೋನ್ ಅಥವಾ ಸ್ಕ್ವಾಲೇನ್ ಇರುವುದನ್ನು ಆರಿಸಿ, ಚರ್ಮವೈದ್ಯರಿಗೆ ತೋರಿಸಿ. ಸೀಬಂನಲ್ಲಿರುವ ಸ್ಕ್ವಾಲೀನ್ ಗಾಳಿಗೆ ಕೆಡುವಂಥದ್ದು, ಸ್ಕ್ವಾಲೇನ್ ಕೆಡದಂತೆ ಮಾಡಿದ ಅದರ ರೂಪ. ಒಂದಕ್ಷರದ ವ್ಯತ್ಯಾಸವೆಂದು ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಬಾಯಗಲದ ಡಬ್ಬಿಗಿಂತ ಪಂಪ್ ಅಥವಾ ಟ್ಯೂಬ್ ವಾಸಿ, ಬೆರಳು ಒಳಗೆ ಹೋಗುವುದಿಲ್ಲ. ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 6 ಅಥವಾ 12 ಎಂಬ ಅಂಕಿ ಇದ್ದರೆ, ತೆರೆದ ಮೇಲೆ ಅಷ್ಟೇ ತಿಂಗಳು ಬಳಸಬೇಕು ಎಂದರ್ಥ. ತೆರೆದ ದಿನಾಂಕವನ್ನು ತಳದಲ್ಲಿ ಪೆನ್ನಿನಿಂದ ಬರೆದಿಡಿ. ನೀರು ಬೇರೆ ಕ್ರೀಮು ಬೇರೆಯಾಗಿ ಒಡೆದಿದ್ದರೆ, ವಾಸನೆ ಬದಲಾಗಿದ್ದರೆ, ಆ ತಿಂಗಳುಗಳು ಮುಗಿಯುವವರೆಗೂ ಕಾಯದೆ ಬಿಸಾಡಿ.

ಇತಿ,
ಕ್ರೀಮು–ಲೋಷನ್ ತಯಾರಿಕೆಯ ಒಬ್ಬ ರಸಾಯನತಜ್ಞ